ಮುಸಾಫಿರಖಾನೆಯ ದೊರೆ

ನಮ್ಮ ಮುಸಾಫಿರಖಾನೆ ಪೇಟೆಯಲ್ಲಿ ಸುಳ್ಳು ಹೇಳದ ಅಂಗಡಿಯವರು ಯಾರೂ ಇಲ್ಲ. ಬಣ್ಣ ಹೋಗುವುದೇ ಇಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳಿ ನಾನೂ ದಾರ ಮಾರುತ್ತೇನೆ. ಆದರೆ ನಮ್ಮ ಸುಳ್ಳುಗಳು ಗಿರಾಕಿ ಹೆಬ್ಬಾಗಿಲು ದಾಟುವವರೆಗೆ ಬಾಳಿದರೆ ಸಾಕು. ನನ್ನ ಎದುರಂಗಡಿಯಲ್ಲಿ ಚೀಲ ಹೊಲಿಯುವವನ ಸುಳ್ಳು ಮೂವತ್ತು ವರ್ಷ ಬಾಳಿ, ಕೈಕಾಲು ಬಲಿತು, ಕೊನೆಗೆ ಅವನ ಕುತ್ತಿಗೆಗೇ ಬಂತು. ಪೇಟೆಯವರು ಅವನನ್ನು ದೊರೆ ಎನ್ನುತ್ತಿದ್ದರು. ಗೇಲಿಗೆ ಇಟ್ಟ ಹೆಸರು ಅದು. ಅವನು ಮರ್ಯಾದೆ ಎಂದುಕೊಂಡಿದ್ದ.

ಈ ಜಾಗದ ನಿಜವಾದ ಚರಿತ್ರೆ ಹೇಳಲು ಬಹಳ ಹೊತ್ತು ಬೇಡ. ನಡುವೆ ಕಲ್ಲು ಹಾಸಿದ ಅಂಗಳ, ಒಂದು ಬಾವಿ, ಸುತ್ತಲೂ ಎರಡು ಅಂತಸ್ತು. ದೂರದೂರದಿಂದ ಸರಕು ಹೇರಿಕೊಂಡು ಬಂದ ವರ್ತಕರು ಮೇಲೆ ಮಲಗುತ್ತಿದ್ದರು, ಅವರ ಕತ್ತೆಗಳು ಕೆಳಗೆ. ಬೆಳಗಾದರೆ ಅಂಗಳದಲ್ಲೇ ಮೂಟೆ ಬಿಚ್ಚಿ ವ್ಯಾಪಾರ. ರೈಲು ಬಂತು, ಆಮೇಲೆ ಲಾರಿ ಬಂತು, ವರ್ತಕರು ಬರುವುದು ನಿಂತಿತು. ಕೆಳಗಿನ ಕೊಟ್ಟಿಗೆಗಳಿಗೆ ಬಾಗಿಲಿಟ್ಟು ಅಂಗಡಿ ಎಂದರು. ಇವತ್ತು ಇಲ್ಲಿ ಕೂತು ಮೀಸೆ ತಿರುವುವವರೆಲ್ಲ ಯಾವುದೋ ಒಂದು ಕತ್ತೆಯ ಜಾಗದಲ್ಲಿ ಕೂತವರೇ. ನಾನೂ ಅಷ್ಟೇ, ನನಗೆ ಮೀಸೆ ಇಲ್ಲ ಎನ್ನುವುದೊಂದು ಬಿಟ್ಟು.

ದೊರೆಯ ಅಜ್ಜ ಆ ಕತ್ತೆಗಳ ಬೆನ್ನಿಗೆ ಗಾದಿ ಹೊಲಿಯುತ್ತಿದ್ದ. ಅಪ್ಪ ಗಾಡಿ ಕುದುರೆಗಳಿಗೆ ಲಗಾಮು ಹೊಲಿದ. ದೊರೆಯ ಪಾಲಿಗೆ ಉಳಿದದ್ದು ಸೂಟ್‌ಕೇಸಿನ ಹಿಡಿ, ಶಾಲೆ ಚೀಲದ ಜಿಪ್ಪು. ಅಪ್ಪ ಸಾಯುವ ಮುಂಚೆ ಕೊಟ್ಟಿಗೆಯ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ ಇಬ್ಬರು ಮಕ್ಕಳಿಗೆ ಹಂಚಿದ್ದ. ತಮ್ಮನ ಪಾಲಿಗೆ ಕತ್ತೆಗಳಿಗೆ ಹುಲ್ಲು ಹಾಕುತ್ತಿದ್ದ ಕಲ್ಲಿನ ಗೋದಲಿ ಬಂತು. ಅವನು ಅದಕ್ಕೆ ಹಲಗೆ ಮುಚ್ಚಿ ಹಗ್ಗ ಮಾರಲು ಕೂತ. ಅಣ್ಣನ ಪಾಲಿಗೆ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಬಡಿದಿದ್ದ ಕಬ್ಬಿಣದ ಬಳೆ. ಚೀಲದ ಪಟ್ಟಿಯ ಒಂದು ತುದಿಯನ್ನು ಆ ಬಳೆಗೆ ಸಿಕ್ಕಿಸಿ, ಇನ್ನೊಂದನ್ನು ಕಾಲ್ಬೆರಳಿನಲ್ಲಿ ಹಿಡಿದು ಜಗ್ಗಿ, ಎರಡೂ ಕೈಯಲ್ಲಿ ಹೊಲಿಯುತ್ತಿದ್ದ. ಕೆಲಸದಲ್ಲಿ ಅವನನ್ನು ಹಿಡಿಯುವವರಿರಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಅವನು ಕೆಟ್ಟದ್ದು ಬಾಯಿಯಿಂದ.

ತೇವದ ದಿನಗಳಲ್ಲಿ ನಮ್ಮ ನೆಲದಿಂದ ಇವತ್ತಿಗೂ ಕತ್ತೆ ವಾಸನೆ ಏಳುತ್ತದೆ. ಅಂಥದೊಂದು ದಿನ ಒಬ್ಬ ಹೆಂಗಸು ಮೂಗಿಗೆ ಕರವಸ್ತ್ರ ಹಿಡಿದು, "ಏನ್ರೀ ಇದು ನಾತ?" ಎಂದಳು. ಕತ್ತೆಯದು ಎನ್ನಲು ದೊರೆಗೆ ನಾಚಿಕೆ.

"ನಾತ ಅಲ್ಲಮ್ಮ, ಹಳೇ ಕಾಲದ ವಾಸನೆ. ಯುದ್ಧದಲ್ಲಿ ಸೋತ ರಾಜ ಒಬ್ಬ ವೇಷ ಮರೆಸ್ಕೊಂಡು ಬಂದು ಇದೇ ಕೋಣೇಲಿ ಮಲಗಿದ್ದ."

ಆ ಹೆಂಗಸು ಕರವಸ್ತ್ರ ತೆಗೆದು ಉದ್ದಕ್ಕೆ ಉಸಿರೆಳೆದುಕೊಂಡಳು. ಮರುದಿನ ಅಕ್ಕತಂಗಿಯರನ್ನೂ ಮೂಸಲು ಕರೆತಂದಳು.

ಅಲ್ಲಿಂದ ದೊರೆ ರೈಲು ಬಿಡುತ್ತಲೇ ಹೋದ. ಗೋಡೆಯ ಬಳೆ ರಾಜ ಕತ್ತಿ ತೂಗುಹಾಕಿದ ಬಳೆಯಾಯಿತು. ಮೊಣಕಾಲೆತ್ತರದಲ್ಲಿ ಯಾರಾದರೂ ಕತ್ತಿ ತೂಗುಹಾಕುತ್ತಾರೆಯೇ ಎಂದು ಒಬ್ಬರು ಕೇಳಿದ್ದಕ್ಕೆ, ಆಲೋಚನೆಯನ್ನೂ ಮಾಡದೆ, "ರಾಜ ಕುಳ್ಳ" ಎಂದ. ಹೀಗೆ ಒಂದೇ ಮಾತಿನಲ್ಲಿ ಒಬ್ಬ ರಾಜನ ಎತ್ತರ ತೀರ್ಮಾನವಾಯಿತು. ಒಮ್ಮೆ ಒಬ್ಬ ವಿದ್ವಾಂಸ ನೋಟ್‌ಬುಕ್ಕು ಹಿಡಿದು ಬಂದು, ಎಲ್ಲವನ್ನೂ ಬರೆದುಕೊಂಡು ಹೋಗಿ, 'ಸ್ಥಳೀಯ ಹಿರಿಯರು ಹೇಳುವಂತೆ' ಎಂದು ಪುಸ್ತಕ ಮಾಡಿದ. ದೊರೆ ಆ ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಸಿ ಮುಂದಿಟ್ಟುಕೊಂಡ. "ನಾನ್ ಹೇಳ್ತಿಲ್ಲ ಸ್ವಾಮಿ, ಪುಸ್ತಕ ಹೇಳ್ತಿದೆ" ಎನ್ನುತ್ತಿದ್ದ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ.

ತಮ್ಮನಿಗೆ ಇದು ಸೇರುತ್ತಿರಲಿಲ್ಲ. ಅವನು ಎಂಥ ಸತ್ಯವಂತ ಎಂದರೆ, ಹಳೆಯ ಹಗ್ಗ ಕೇಳಲು ಬಂದವರಿಗೆ ಅದು ಎಲ್ಲಿ ಕಿತ್ತುಹೋಗಬಹುದು ಎಂದು ತಾನೇ ತೋರಿಸಿ ಕಳಿಸುತ್ತಿದ್ದ. ಒಂದು ದಿನ ತಡೆಯಲಾರದೆ, ನೋಡಲು ಬಂದ ಹತ್ತಾರು ಜನರ ಎದುರಿಗೇ ಹೇಳಿಬಿಟ್ಟ. "ಅಣ್ಣ, ನೀನು ಕೂತಿರೋದು ಕತ್ತೆ ಕಟ್ತಿದ್ದ ಜಾಗ. ನಾನು ಕೂತಿರೋದು ಅದಕ್ಕೆ ಹುಲ್ಲು ಹಾಕ್ತಿದ್ದ ಜಾಗ. ಅದರಲ್ಲಿ ನಾಚ್ಕೆ ಏನು?" ಜನ ನಕ್ಕರು. ಅಣ್ಣ ಮಾತು ಬಿಟ್ಟ. ಹನ್ನೊಂದು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. "ಅವನಿಗೆ ಹೇಳಕ್ಕ, ಸೂರು ಸೋರ್ತಿದೆ", "ಅವನಿಗೆ ಹೇಳಕ್ಕ, ನನಗೂ ಕಣ್ಣಿದೆ" ಎಂದು ಇಬ್ಬರ ನಡುವೆ ಅಂಚೆ ಹೊತ್ತು ನನ್ನ ಕಾಲು ಸವೆಯಿತು.

ಹೋದ ವರ್ಷ ಸ್ಮಾರಕಗಳ ಕಚೇರಿಯಿಂದ ಕಾಗದ ಬಂತು. ರಾಜ ತಂಗಿದ್ದ ಕೋಣೆ ಇನ್ನು ಮುಂದೆ ಸಂರಕ್ಷಿತ ಜಾಗ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಬದಲಿಗೆ ಊರಾಚೆಯ ಹೊಸ ಕಟ್ಟಡದಲ್ಲಿ, ಮೂರನೇ ಮಹಡಿಯಲ್ಲಿ ಒಂದು ಮಳಿಗೆ. ಕಿತ್ತುಹೋದ ಚೀಲ ಹಿಡಿದುಕೊಂಡು ಮೂರು ಮಹಡಿ ಯಾರು ಹತ್ತುತ್ತಾರೆ? ಅದು ಅಂಗಡಿಯನ್ನು ಕೊಡುವುದಲ್ಲ, ಅನ್ನ ಕಿತ್ತುಕೊಳ್ಳುವುದು. ದೊರೆ ನನ್ನ ದಾರದ ಡಬ್ಬಿಗಳ ನಡುವೆ ಕೂತು ಬಿಕ್ಕಿಬಿಕ್ಕಿ ಅತ್ತ. ಮಾಡಿದ್ದುಣ್ಣು ಎನ್ನೋಣ ಎಂದುಕೊಂಡಿದ್ದವಳು ಒಂದು ಲೋಟ ನೀರು ಕೊಟ್ಟೆ.

ಜಾಗ ನೋಡಲು ಅಧಿಕಾರಿ ಹೆಂಗಸು ಬಂದಳು, ಜೊತೆಗೆ ಟೇಪು ಹಿಡಿದ ಗುಮಾಸ್ತ. ದೊರೆ ಕೈಮುಗಿದ.

"ಮೇಡಂ, ರಾಜ ಇಲ್ಲ ಗೀಜ ಇಲ್ಲ. ಎಲ್ಲಾ ನಾನು ಕಟ್ಟಿದ ಕಥೆ. ಇದು ಕತ್ತೆ ಕೊಟ್ಟಿಗೆ."

"ಪುಸ್ತಕದಲ್ಲಿ ಇದೆಯಲ್ರೀ. ಸ್ಥಳೀಯ ಹಿರಿಯರು ಹೇಳಿದಾರೆ."

"ಆ ಹಿರಿಯರು ಅಂದ್ರೆ ನಾನೇ!"

"ನೀವೇನಾ? ಒಳ್ಳೇದಾಯ್ತು, ಇಲ್ಲೊಂದು ಸಹಿ ಹಾಕಿ."

"ಅಯ್ಯೋ, ಈ ಬಳೆ ನೋಡಿ ಮೇಡಂ. ಇಷ್ಟು ಕೆಳಗಿದೆ. ಕತ್ತೆ ಕಟ್ಟೋಕಲ್ದೆ ಇನ್ಯಾತಕ್ಕೆ?"

ಅವಳು ಹಾಳೆ ತಿರುವಿದಳು. "ರಾಜರು ಕುಳ್ಳಗಿದ್ರಂತೆ. ಅದೂ ಇದೆ."

ದೊರೆ ಒಮ್ಮೆಲೇ ಎದ್ದು, ಹನ್ನೊಂದು ವರ್ಷದಲ್ಲಿ ಮೊದಲ ಸಲ ತಮ್ಮನ ಹೊಸಿಲು ದಾಟಿದ. ಹಗ್ಗದ ಸಿಂಬಿಗಳನ್ನು ಬಾಚಿ ಪಕ್ಕಕ್ಕೆ ಎಸೆದು, ಹಲಗೆ ಎತ್ತಿದ. ಕೆಳಗೆ ಕಲ್ಲಿನ ಗೋದಲಿ, ಎಷ್ಟೋ ಕುತ್ತಿಗೆಗಳು ಉಜ್ಜಿ ಅಂಚು ನುಣ್ಣಗಾಗಿತ್ತು.

"ಈಗ ಹೇಳಿ ಮೇಡಂ, ನಿಮ್ಮ ರಾಜ ಹುಲ್ಲು ತಿಂತಿದ್ನಾ?"

ಅಧಿಕಾರಿಯ ಮುಖ ಅರಳಿತು. "ಕುದುರೆ! ರಾಜರ ಕುದುರೆಯೂ ಪಕ್ಕದಲ್ಲೇ ಇತ್ತು. ಬರ್ಕೊಳ್ರೀ, ಎರಡೂ ಕೋಣೆ ಸೇರಿಸಿ."

ಗುಮಾಸ್ತ ಟೇಪು ಎಳೆದ.

ತಮ್ಮ ಸ್ಟೂಲಿನ ಮೇಲೆ ಕೂತೇ ಇದ್ದ. ವರ್ಷಗಳ ಹಿಂದೆ ಹಗ್ಗದ ಮೂಟೆ ಮೈಮೇಲೆ ಬಿದ್ದು ಅವನ ಎಡಗಾಲು ಮಡಚುವುದಿಲ್ಲ. ಅಂಗಳದ ಎರಡು ಮೆಟ್ಟಿಲು ಹತ್ತುವುದಕ್ಕೇ ಯಾರಾದರೂ ಹೆಗಲು ಕೊಡಬೇಕು. ಇನ್ನು ಮೂರು ಮಹಡಿ! ಅವನು ಬಯ್ಯಲಿಲ್ಲ, ಅಣ್ಣನನ್ನು ನೋಡಿದ, ಅಷ್ಟೇ. ಆ ನೋಟಕ್ಕಿಂತ ನಾಲ್ಕು ಬಿಗಿದಿದ್ದರೆ ವಾಸಿಯಿತ್ತು.

ದೊರೆ ಗೋದಲಿಯ ಅಂಚನ್ನು ಒಂದು ಗಳಿಗೆ ಸವರಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ತಡೀರಿ ಮೇಡಂ. ಇದು ಗೋದಲಿ ಅಲ್ಲ. ಚರ್ಮ ನೆನೆಹಾಕೋಕೆ ನಮ್ಮಪ್ಪ ಕಟ್ಟಿಸಿದ ತೊಟ್ಟಿ. ಅಂಗಡಿ ಬಿಡೋಕೆ ಮನಸ್ಸಾಗದೆ ಸುಳ್ಳು ಹೇಳ್ದೆ, ತಪ್ಪಾಯ್ತು."

"ಹಾಗಾದ್ರೆ ರಾಜ?"

"ರಾಜ ಮಲಗಿದ್ದು ಸತ್ಯ. ನನ್ನ ಕೋಣೇಲಿ ಮಾತ್ರ. ನಡುವಿನ ಗೋಡೆ ಆಗಿನ ಕಾಲದ್ದೇ. ಈ ಕಡೆ ಬರೀ ಸೌದೆ ಒಟ್ತಿದ್ರು. ಎಲ್ಲಿ ಸಹಿ ಹಾಕ್ಬೇಕು, ಕೊಡಿ."

ಆ ಗೋಡೆಯ ಇಟ್ಟಿಗೆಗಳಿಗೆ ನನ್ನಷ್ಟೂ ವಯಸ್ಸಾಗಿಲ್ಲ. ಅಧಿಕಾರಿಗೆ ಅನುಮಾನ ಬಂದು ತಮ್ಮನ ಕಡೆ ತಿರುಗಿದಳು. "ಹೌದೇನ್ರೀ? ತೊಟ್ಟಿನಾ ಇದು?"

ಹುಟ್ಟಿದಾಗಿನಿಂದ ಒಂದು ಸುಳ್ಳೂ ಆಡದ ಆ ಮನುಷ್ಯನ ಹಣೆಯಲ್ಲಿ ಬೆವರು ಇಳಿಯಿತು. ನಾನು ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದೆ. "ತೊಟ್ಟಿನೇ" ಎಂದ, ಎಷ್ಟು ಕೆಟ್ಟದಾಗಿ ಎಂದರೆ ಮಗುವೂ ನಂಬುತ್ತಿರಲಿಲ್ಲ. ಆದರೆ ಕಚೇರಿಯವರು ನಂಬಿದರು. ಗುಮಾಸ್ತ ಎರಡನೆಯ ಕೋಣೆಯನ್ನು ಹೊಡೆದುಹಾಕಿದ, ದೊರೆ ತನ್ನ ಕೋಣೆಗೆ ಸಹಿ ಹಾಕಿ ಕೊಟ್ಟ.

ತಿಂಗಳ ಕೊನೆಯ ದಿನ ಅವನು ಸೂಜಿ, ದಬ್ಬಳ, ಅರ್ಧ ಹೊಲಿದ ಚೀಲಗಳನ್ನು ಗಂಟು ಕಟ್ಟಿ ಅಂಗಳದಲ್ಲಿ ನಿಂತಿದ್ದ. ಬೀಗ ಹಾಕಿಕೊಂಡು ಕಚೇರಿಯವರು ಹೋದರು. ತಮ್ಮ ಗೋಡೆ ಹಿಡಿದು ಕುಂಟುತ್ತ ಹೊರಗೆ ಬಂದು ಆ ಗಂಟನ್ನು ಒಳಗೆ ಎಳೆದುಕೊಂಡು ಹೋದ. ಹಗ್ಗಗಳನ್ನು ಒಂದು ಮೂಲೆಗೆ ಒತ್ತರಿಸಿ, ಒಬ್ಬರು ಕೂರುವಷ್ಟು ಜಾಗ ಮಾಡಿದ.

"ಇಲ್ಲಿ ಕೂತ್ಕೋ" ಎಂದ. "ಗಿರಾಕಿ ಬಂದ್ರೆ ನಾನು ಮಾತಾಡ್ತೀನಿ. ನೀನು ಬಾಯಿ ತೆಗೀಬೇಡ."

ದೊರೆ ಏನೋ ಹೇಳಲು ಬಾಯಿ ತೆರೆದ. ತಮ್ಮ ನೋಡಿದ. ದೊರೆ ಬಾಯಿ ಮುಚ್ಚಿ, ಒಳಗೆ ಹೋಗಿ ಕೂತ.