ಈಶ್ವರ ರೈಫಲ್ ವರ್ಕ್ಸಿನ ಬೆನ್ನು ಹತ್ತಿದ ತುಳಸವ್ವ

ಕಾಗವಾಡದ ಹತ್ತಿರ ದುಂಡೇಶ ಎಂಬವರ ದ್ರಾಕ್ಷಿ ತೋಟದಲ್ಲಿ ತುಳಸವ್ವ ಹದಿನೆಂಟು ವರ್ಷಗಳಿಂದ ಕೆಲಸ ಮಾಡುತ್ತಿದ್ದಾಳೆ. ಕಳೆ ಕೀಳುವುದು, ಗೊನೆ ಕತ್ತರಿಸುವುದು ಎಲ್ಲವೂ ಬರುತ್ತದೆ. ಆದರೆ ಹಣ್ಣಿಗೆ ಸಿಹಿ ಹತ್ತಿದಾಗ ಅವಳ ಹೆಗಲಿಗೆ ತೋಟದ ಹಳೆಯ ಗಾಳಿ ಬಂದೂಕು ಏರಬೇಕು. ಗುಂಡಿನ ಬದಲು ನೆನೆಸಿದ ಕಾಗದದ ಉಂಡೆ ತುರುಕಿ ಹಾರಿಸುತ್ತಾಳೆ. ಠಪ್ ಎಂಬ ಸದ್ದಿಗೆ ಗೊರವಂಕಗಳ ಹಿಂಡು ಎದ್ದು ಪಕ್ಕದ ಕಬ್ಬಿಗೆ ಹೋಗಿ ಕೂರುತ್ತದೆ. ಇಷ್ಟು ವರ್ಷಗಳಲ್ಲಿ ಒಂದು ಪುಕ್ಕವೂ ಉದುರಿಲ್ಲವೆಂಬುದು ಅವಳ ಹೆಮ್ಮೆ.

ಹೋದ ವರ್ಷ ಆ ಬಂದೂಕಿನ ಉಸಿರು ನಿಂತಿತು. ಹಾರಿಸಿದರೆ ಉಂಡೆ ಅವಳ ಕಾಲಬುಡದಲ್ಲೇ ಬಿತ್ತು.

"ಒಗೀ ಅತ್ಲಾಗ. ಹಕ್ಕಿ ಬರಧಂಗ ಬಳ್ಳಿ ಮ್ಯಾಲ ಬಲಿ ಹಾಕಸ್ತೀನಿ," ಎಂದರು ದುಂಡೇಶ.

"ಬಲಿ ಹಾಕಸ್ರಿ, ಬ್ಯಾಡ ಅನ್ನೂದಿಲ್ಲ. ಇದನ್ನ ನನಗ ಕೊಡ್ರಿ."

ದುಂಡೇಶ ನಕ್ಕು ಕೊಟ್ಟುಬಿಟ್ಟರು. ಅವಳು ಅದನ್ನು ಗೋಣಿಚೀಲದಲ್ಲಿ ಸುತ್ತಿ ಸೈಕಲ್ ಅಂಗಡಿಯ ಸಂಭಾಜಿಯ ಮುಂದಿಟ್ಟಳು. ಅವನು ಬಿಚ್ಚಿ ನೋಡಿದ. ಸ್ಪ್ರಿಂಗ್ ಗಟ್ಟಿಯಾಗಿತ್ತು, ಗಾಳಿ ತಡೆಯುವ ಚರ್ಮದ ವಾಶರ್ ಮಾತ್ರ ಒಣಗಿ ಹಪ್ಪಳವಾಗಿತ್ತು. ಹೊರಗಿನ ಹಿತ್ತಾಳೆ ಬಿಲ್ಲೆಯಲ್ಲಿ 'ಈಶ್ವರ ರೈಫಲ್ ವರ್ಕ್ಸ್, ಅಕ್ಕೋಳ' ಎಂದಿದ್ದುದು ಅವಳಿಗೆ ಗೊತ್ತಿತ್ತು. ಸಂಭಾಜಿ ಸೀಮೆಎಣ್ಣೆಯಲ್ಲಿ ಒಳಗಿನ ಕೊಳವೆ ಒರೆಸಿದಾಗ, ಸೂಜಿಯಿಂದ ಗೀಚಿದ ಇನ್ನೊಂದು ಹೆಸರು ಕಂಡಿತು.

"ಮಾವಶಿ, ನನಗ ಮರಾಠಿ ಅಷ್ಟ ಓದಾಕ ಬರತೈತಿ. ಏನ್ ಐತಿ ನೋಡು."

ತುಳಸವ್ವ ಬೆಳಕಿಗೆ ಹಿಡಿದು ಓದಿದಳು: ಚನ್ನವ್ವ.

ಇಷ್ಟು ವರ್ಷ ಕೆನ್ನೆಗೆ ಒತ್ತಿಕೊಂಡು ನಿಂತ ಬಂದೂಕಿನೊಳಗೆ ಒಬ್ಬ ಹೆಂಗಸು ಇದ್ದಳೇ? ಆ ಕಂಪನಿ ಯಾವುದು, ಈಕೆ ಯಾರು ಎಂದು ತಿಳಿಯದೆ ಅವಳಿಗೆ ಸಮಾಧಾನವಿಲ್ಲದಾಯಿತು. ಹೇಗೂ ಹೆಂಗಸರಿಗೆ ಬಸ್ಸು ಪುಕ್ಕಟೆ. ಸುಗ್ಗಿ ಮುಗಿದ ಮೊದಲ ರವಿವಾರ ಒಂದು ನೋಟುಬುಕ್ಕು ಹಿಡಿದು ಅಕ್ಕೋಳಕ್ಕೆ ಹೊರಟಳು.

ಅಲ್ಲಿಯ ಚಹಾದಂಗಡಿಯಲ್ಲಿ ಕೇಳಿದ್ದೇ ತಡ, ಎಲ್ಲರೂ ಇತಿಹಾಸಕಾರರಾದರು.

"ಆ ಕಂಪನಿ ಮಿಲಿಟ್ರಿಗೆ ಮಾಲು ಕಳಸತಿತ್ರಿ," ಎಂದ ಒಬ್ಬ.

"ಸುಳ್ಳ. ಸರ್ಕಾರದವರು ಬಂದ್ ಮಾಡಿಸ್ಯಾರ," ಎಂದ ಮತ್ತೊಬ್ಬ.

ನಿಧಿ ಸಿಕ್ಕು ಮಾಲೀಕ ಕೊಲ್ಹಾಪುರಕ್ಕೆ ಓಡಿದ ಎಂದು ಮೂರನೆಯವನು ಆಣೆ ಮಾಡಿದ. ತುಳಸವ್ವ ಏಳನೆಯ ಇಯತ್ತೆ ಓದಿದವಳು, ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ಕಂಪನಿಯಿದ್ದ ಜಾಗ ನೋಡಲು ಹೋದಳು. ಅದೀಗ ತಂಬಾಕಿನ ಗೋದಾಮು. ಎದುರುಮನೆಯ ಮುದುಕಿ ಒಬ್ಬಳು ಮಾತ್ರ ಕೆಲಸಕ್ಕೆ ಬರುವ ಮಾತು ಹೇಳಿದಳು.

"ಚನ್ನವ್ವ? ವಾಶರ್ ಚನ್ನವ್ವ! ಚಿಕ್ಕೋಡ್ಯಾಗ ಮಮ್ಮಗಳ ಮನ್ಯಾಗ ಅದಾಳಲ್ಲ."

ಮುಂದಿನ ರವಿವಾರ ಚಿಕ್ಕೋಡಿ. ಬಾಗಿಲು ತೆರೆದ ಮೊಮ್ಮಗಳು ಸೌಂದರ್ಯಾ, ಗೋಣಿಚೀಲದಿಂದ ಇಣುಕುತ್ತಿದ್ದ ನಳಿಗೆ ಕಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಹೆದರಬ್ಯಾಡ ನನ್ನವ್ವ, ಇದು ಕೆಟ್ಟೈತಿ. ಕೆಟ್ಟೈತಂತನ ಬಂದೀನಿ."

ಒಳಗೆ ಮಂಚದ ಮೇಲಿದ್ದ ಎಪ್ಪತ್ತರ ಚನ್ನವ್ವ ಕನ್ನಡಕ ಏರಿಸಿ ಬಂದೂಕು ಬಿಚ್ಚಿದಳು. ತನ್ನ ಹೆಸರಿನ ಕಡೆ ನೋಡಲೂ ಇಲ್ಲ. ಹೆಬ್ಬೆರಳಿನಿಂದ ವಾಶರ್ ತೀಡಿ, "ಎಣ್ಣಿ ಹಾಕಿಲ್ಲ ನೀ. ವರ್ಷಕ್ಕ ಎರಡ ಹನಿ ಹರಳೆಣ್ಣಿ ಹಾಕಾಕ ಏನ್ ಧಾಡಿ?" ಎಂದು ಗದರಿದಳು. ತುಳಸವ್ವನಿಗೆ ಆ ಬೈಗುಳ ಬಲು ಹಿತವಾಯಿತು. ಆಮೇಲೆ ಕತೆ ಬಿಚ್ಚಿಕೊಂಡಿತು.

ಕಂಪನಿಯ ಮಾಲೀಕ ಈಶ್ವರಪ್ಪ ಮೂಲದಲ್ಲಿ ಹಾರ್ಮೋನಿಯಂ ದುರಸ್ತಿ ಮಾಡುವವರು. ಗಾಳಿ ಸೋರದಂತೆ ತಡೆಯುವುದರಲ್ಲಿ ಎತ್ತಿದ ಕೈ. ಜೋಳದ ಹೊಲದವರು ಗಿಳಿಗಳ ಕಾಟ ಹೇಳಿಕೊಂಡಾಗ ಗಾಳಿ ಬಂದೂಕು ಮಾಡಿಯೇ ನೋಡೋಣವೆಂದು ಲೇಥ್ ಯಂತ್ರ ತಂದರು. ನಾಲ್ವರು ಗಂಡಸರು, ಒಬ್ಬಳೇ ಹುಡುಗಿ. ಅಥಣಿಯ ಚಪ್ಪಲಿ ಹೊಲಿಯುವವರಿಂದ ಚರ್ಮ ಬರುತ್ತಿತ್ತು. ವಾಶರ್ ಕತ್ತರಿಸಿ ಕೂಡಿಸುವ ಕೆಲಸ ಚನ್ನವ್ವನದು.

"ಹೊರಗ ಮಾಲಕರ ಹೆಸರು. ಒಳಗ ಯಾರು ನೋಡತಾರಂತ ನಂದು ಬರದೆ."

"ಅವರಿಗೆ ಗೊತ್ತಾಗಲಿಲ್ಲೇನ್ರಿ?"

"ಆತು. ಅಕ್ಷರ ಸೊಟ್ಟ ಅದಾವು, ತಿದ್ದಿ ಬರಿ ಅಂದ್ರು!"

"ಮತ್ತ ಕಂಪನಿ ಯಾಕ ಮುಚ್ಚಿದ್ರು?"

ಚನ್ನವ್ವ ನಗತೊಡಗಿದಳು. "ಆರ ವರ್ಷ ಠಪ್ ಠಪ್ ಕೇಳಿ ಅವರ ಕಿವಿ ಮಂದ ಆದ್ವು. ಒಂದಿನ ಭಜನಿಯವರ ಹಾರ್ಮೋನಿಯಂ ಪೆಟಿಗಿ ರಿಪೇರಿ ಮಾಡಿ ಕೊಟ್ರು. ಸೂರ ತಪ್ಪಿತ್ತು, ಅವರಿಗೆ ತಿಳೀಲಿಲ್ಲ. ಭಜನಿಯವರು ನಕ್ಕಬಿಟ್ರು. ಮರುದಿನನ ಕಂಪನಿಗೆ ಕೀಲಿ. ವರ್ಷದಾಗ ಕಿವಿ ಸುಧಾರಿಸಿದ್ವು ನೋಡು. ಸಾಯೂತನ ಪೆಟಿಗಿನ ರಿಪೇರಿ ಮಾಡಿದ್ರು."

ಮಿಲಿಟರಿ, ಸರ್ಕಾರ, ನಿಧಿ ಮೂರನ್ನೂ ತುಳಸವ್ವ ಹೊಡೆದುಹಾಕಲಿಲ್ಲ. ಅವುಗಳ ಕೆಳಗೆ ಈ ನಿಜವನ್ನು ದಪ್ಪ ಅಕ್ಷರದಲ್ಲಿ ಬರೆದಳು.

ಚನ್ನವ್ವ ಹಳೆಯ ಚಪ್ಪಲಿಯೊಂದರ ಅಟ್ಟೆಯಿಂದ ವಾಶರ್ ಕತ್ತರಿಸಿ, ಹರಳೆಣ್ಣೆಯಲ್ಲಿ ನೆನೆಯಿಟ್ಟು, ಊಟವಾದ ಮೇಲೆ ತಾನೇ ಕೂಡಿಸಿದಳು. ಮೂವರೂ ಮಾಳಿಗೆ ಹತ್ತಿ ಕಟ್ಟೆಯ ಮೇಲೆ ಸ್ನಾನದ ಮಗ್ ಬೋರಲಿಟ್ಟರು. ಮುದುಕಿಯ ಮೊದಲ ಏಟಿಗೇ ಮಗ್ ಹಾರಿಹೋಗಿ ಪಕ್ಕದ ಮನೆಯ ಅಂಗಳಕ್ಕೆ ಬಿತ್ತು.

"ಅಜ್ಜೀ, ಹೊಸಾದು ತಂದಿದ್ನಿ!" ಎಂದು ಸೌಂದರ್ಯಾ ಕೂಗಿದಳು.

ತುಳಸವ್ವನ ಶೋಧ ಅಲ್ಲಿಗೆ ನಿಲ್ಲಲಿಲ್ಲ. ಉಳಿದ ಬಂದೂಕುಗಳು ಎಲ್ಲಿವೆ ಎಂದು ರವಿವಾರಕ್ಕೊಂದು ಊರು ಹಿಡಿದಳು. ದಿಗ್ಗೇವಾಡಿಯಲ್ಲಿ ಒಂದು ಬಂದೂಕೇ ಕೊಟ್ಟಿಗೆಯ ಬಾಗಿಲಿಗೆ ಅಗಳಿಯಾಗಿತ್ತು. ಬಲೆ ಹಾಕಿಸಿದ್ದ ದುಂಡೇಶರೂ ಈಗ ವಾರವಾರ "ಎಲ್ಲೀತನಕ ಬಂತು ನಿನ್ನ ಸಂಶೋಧನ?" ಎಂದು ಕೇಳುತ್ತಾರೆ. ಸಿಕ್ಕವು ಇಲ್ಲಿಯವರೆಗೆ ಏಳು. ಆರರ ಒಳಗೆ ಚನ್ನವ್ವನ ಹೆಸರಿದೆ. ಅಲಖನೂರಿನ ಕಬ್ಬಿನ ರೈತನ ಮನೆಯ ಏಳನೆಯದರ ಒಳಗೆ ಮಾತ್ರ 'ಈಶ್ವರ' ಎಂದು ಗೀಚಿತ್ತು. ತುಳಸವ್ವ ಅಲ್ಲಿಂದಲೇ ಫೋನ್ ಮಾಡಿದಳು.

"ಅಯ್ಯ, ಅದಾ? ನಾ ಜ್ವರ ಬಂದು ಮಲಗಿದಾಗ ಮಾಲಕರ ಸ್ವತಃ ವಾಶರ್ ಕೂಡಿಸಿದ್ರು," ಎಂದಳು ಚನ್ನವ್ವ. "ಹಾರಿಸಿ ನೋಡು, ಉಂಡಿ ಹತ್ತ ಮಾರು ಹೋಗೂದಿಲ್ಲ."

ತುಳಸವ್ವ ಅಂಗಳದಲ್ಲಿ ನಿಂತು ಹಾರಿಸಿದಳು. ಹೆಜ್ಜೆಯಿಂದ ಅಳೆದು ನೋಡಿದಳು. ಎಂಟು ಮಾರೂ ಆಗಿರಲಿಲ್ಲ.