ಒತ್ತಕ್ಷರಕ್ಕೆ ಮೊದಲು ಜಾಗ

ಮೊನ್ನೆ ಪೇಂಟಿಗೆ ಟರ್ಪೆಂಟೈನ್ ಬೆರೆಸಿದ್ದೇ ತಡ, ಆ ವಾಸನೆಗೆ ತೆಕ್ಕಟ್ಟೆಯ ಬೋರ್ಡ್ ಬರೆಯುವವರು ಕಣ್ಣ ಮುಂದೆ ಬಂದು ನಿಂತರು. ಕಿವಿಯ ಮೇಲೊಂದು ಬ್ರಶ್, ಅಂಗಿಯ ತುಂಬ ಊರಿನ ಅಂಗಡಿಗಳ ಬಣ್ಣವೆಲ್ಲ...

ಆಗ ನಾನು ಆರ್ಟ್ ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿದ್ದೆ, ಎರಡನೇ ವರ್ಷ. ಹುಡುಗಿಗೆ ಚಿತ್ರ ಬಿಡಿಸುವ ಓದು ಯಾಕೆ ಎಂದು ನಮ್ಮೂರು ಬೀಜಾಡಿಯ ಅರ್ಧ ಕೇರಿ ಅಪ್ಪಯ್ಯನನ್ನು ಕೇಳಿತ್ತು. ಅದಕ್ಕೇ ಇರಬೇಕು, ಹೊಸ ದೋಣಿ ಮಾಡಿಸಿದಾಗ ಹೆಸರನ್ನು ಮಗಳೇ ಬರೆಯುತ್ತಾಳೆ ಎಂದು ಅವರು ಎಲ್ಲರೆದುರು ಹೇಳಿಬಿಟ್ಟರು. ಅಲ್ಲಿಯವರೆಗೆ ನಮ್ಮ ಕಡೆಯ ದೋಣಿಗಳಿಗೆಲ್ಲ ಹೆಸರು ಬರೆದವರು ಆ ಬೋರ್ಡ್ ಬರೆಯುವವರೇ. ಈ ಸಲ ಅವರನ್ನು ಕರೆಯಲಿಲ್ಲ.

ದೋಣಿಯ ಹೆಸರು ‘ಮತ್ಸ್ಯಲಕ್ಷ್ಮಿ’. ಕಾಲೇಜಿನಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಕಲಿಸಿದಂತೆ ಎರಡು ಗೆರೆ ಎಳೆದು, ನಡುವೆ ದೊಡ್ಡದಾಗಿ ಅಕ್ಷರ ಕೂರಿಸಿದೆ. ಆಮೇಲೆ ನೋಡಿದರೆ ಒತ್ತಕ್ಷರಗಳಿಗೆ ಜಾಗವೇ ಇಲ್ಲ! ಕೆಳಗೆ ಆಗಲೇ ಬಳಿದ ಕೆಂಪು ಪಟ್ಟಿ. ಮರುದಿನ ಬೆಳಿಗ್ಗೆ ದೋಣಿ ನೀರಿಗಿಳಿಯಬೇಕು. ಅಪ್ಪಯ್ಯನ ಮರ್ಯಾದೆ ನನ್ನ ಕೈಯಲ್ಲೇ ಹೋಗುತ್ತದಲ್ಲ ಎಂದು ಅಳು ಬಂತು.

ಆ ಮಧ್ಯಾಹ್ನ ಬೋರ್ಡ್ ಬರೆಯುವವರು ಸೈಕಲ್ಲಿನಲ್ಲಿ ತಾವಾಗಿಯೇ ಬಂದರು. ನನ್ನ ಪಾಡು ನೋಡಿ ನಗಲು ಬಂದರೇನೋ ಅಂದುಕೊಂಡೆ, ನನ್ನದು ಸಣ್ಣ ಬುದ್ಧಿ.

“ಎಂತ ಹೆಣೆ, ಒತ್ತಿಗೆ ಮೊದ್ಲ್ ಜಾಗ ಕೊಡ್ಕ್. ಮೇಲಿನದ್ ಹ್ಯಾಂಗಾರೂ ಕೂಕಂತ್ತ್,” ಎಂದವರೇ ಬಟ್ಟೆಯ ತುಂಡಿನಿಂದ ನನ್ನ ಅಕ್ಷರಗಳನ್ನೆಲ್ಲ ಒರೆಸಿದರು.

ಆಮೇಲೆ ಕಂಡದ್ದನ್ನು ಹೇಗೆ ಹೇಳಲಿ... ಪೆನ್ಸಿಲ್ ಇಲ್ಲ, ಸ್ಕೇಲ್ ಇಲ್ಲ. ಮೊದಲು ಬರೀ ಒತ್ತುಗಳನ್ನು ಬರೆದರು. ಮೇಲೇನೂ ಇಲ್ಲದೆ ಸ, ಯ, ಮ ಒತ್ತುಗಳು ಹಲಗೆಯ ಮೇಲೆ ನೇತಾಡುತ್ತಿದ್ದವು, ಬೀಗರು ಬರುವ ಮೊದಲೇ ಹಾಕಿಟ್ಟ ಮಣೆಗಳ ಹಾಗೆ. ಆಮೇಲೆ ದೊಡ್ಡ ಅಕ್ಷರಗಳು ಒಂದೊಂದಾಗಿ ಬಂದು ಕೂತವು. ಮರಳಿನಲ್ಲಿ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿದೆ, ಮೈ ಜುಮ್ಮೆಂದಿತು. ಎರಡು ವರ್ಷ ಕಾಲೇಜಿನಲ್ಲಿ ಕೂತರೂ ನಾನು ಕನ್ನಡವನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಬರೆದ ಪ್ರತಿಯೊಂದರ ಮೂಲೆಯಲ್ಲೂ ಸಣ್ಣಗೆ ತಮ್ಮ ಹೆಸರು ಹಾಕುವುದು ಅವರ ಕ್ರಮ. ಅಂದು ಹಾಕಲಿಲ್ಲ. ಬ್ರಶ್ ನನ್ನ ಕೈಗೆ ಕೊಟ್ಟು ಸೈಕಲ್ ಹತ್ತಿದರು. ಸಂಜೆ ಅಪ್ಪಯ್ಯ, “ಮಗಳ್ ಬರ್ದದ್ ಕಾಣಿ!” ಎಂದು ಕೇರಿಗೆಲ್ಲ ತೋರಿಸಿದರು. ನಾನು ಬಾಯಿ ಬಿಡಲಿಲ್ಲ.

ಇಂದು ಅಕ್ಷರ ವಿನ್ಯಾಸವೇ ನನ್ನ ಕೆಲಸ. ಈಗಲೂ ಒತ್ತಿನಿಂದಲೇ ಶುರುಮಾಡುತ್ತೇನೆ. ಬೋರ್ಡ್ ಬರೆಯುವವರು ತೀರಿಹೋಗಿ ವರ್ಷವಾಯಿತು. ಮೊನ್ನೆ ದೋಣಿಗೆ ಹೊಸ ಬಣ್ಣ ಬಳಿಯಲು ಊರಿಗೆ ಹೋದಾಗ, ಅವರ ಗೆರೆಗಳ ಮೇಲೆಯೇ ಬ್ರಶ್ ಎಳೆಯುತ್ತಾ ಹೇಳಿಬಿಟ್ಟೆ: “ಅಪ್ಪಯ್ಯ, ಇದ್ ನಾನ್ ಬರ್ದದ್ ಅಲ್ಲ.”

“ನಂಗೊತ್ತಿತ್ತ್ ಹೆಣೆ,” ಅಂದರು ಅಪ್ಪಯ್ಯ. “ಅವ್ರ್ ಇಪ್ಪತಿಗೇ ಹೇಳ್ಕಾಯಿತ್ತ್.”

ನಿಜ, ಅವರು ಬದುಕಿರುವಾಗಲೇ ಹೇಳಬೇಕಿತ್ತು. ಅವರು ಖಾಲಿ ಬಿಟ್ಟಿದ್ದ ಮೂಲೆಯಲ್ಲಿ, ಅವರದೇ ಶೈಲಿಯಲ್ಲಿ, ಸಣ್ಣಗೆ ಅವರ ಹೆಸರು ಬರೆದೆ. ಹೆಸರಲ್ಲೊಂದು ಒತ್ತಿತ್ತು... ಅದನ್ನೇ ಮೊದಲು ಬರೆದೆ.