ಸೌಟು ಮುಟ್ಟದ ನಾಲ್ಕು ದಿನ

ಲಾಂಡ್ರಿಯಲ್ಲಿ ಎಲ್ಲರೂ ಅವನಿಗಿಟ್ಟ ಹೆಸರು ಮೂಗಣ್ಣ. ಮೂಗು ದೊಡ್ಡದೇನಲ್ಲ, ಯಾವುದನ್ನು ಕಂಡರೂ ಮೂಗು ಮುರಿಯುತ್ತಿದ್ದ, ಅಷ್ಟೆ. ಹೋಟೆಲಿನ ಲೋಟವನ್ನು ಎರಡು ಸಲ ತೊಳೆಸುವನು, ಬಸ್ಸಿನ ಸೀಟಿನ ಮೇಲೆ ಕರವಸ್ತ್ರ ಹಾಸುವನು, ಮನೆಯಲ್ಲಿ ಹೆಂಡತಿ ಒಗೆದ ದಿಂಬಿನ ಕವರನ್ನೂ ಮೂಸಿ ನೋಡಿಯೇ ತಲೆಯಿಡುವನು. ಇಪ್ಪತ್ತು ವರ್ಷ ಇಸ್ತ್ರಿ ಮೇಜಿನ ಮುಂದೆ ನಿಂತವನ ಶಿಸ್ತು ನೋಡಿ ಎಂದು ನೆಂಟರು ಹೊಗಳುತ್ತಿದ್ದರು. ಹೆಂಡತಿ ಹೊಗಳುತ್ತಿರಲಿಲ್ಲ. ಆ ಶಿಸ್ತಿನ ಜೊತೆ ಸಂಸಾರ ಮಾಡುವವಳು ಅವಳಲ್ಲವೇ!

ಅವಳು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಅಲ್ಲಿ ಇನ್ನೂರು ಜನಕ್ಕೆ ಬೇಯಿಸಿ, ಮನೆಗೆ ಬಂದು ಮೂವರಿಗೆ ಬೇಯಿಸಬೇಕು. ಮದುವೆಯಾಗಿ ಹದಿನೇಳು ವರ್ಷಕ್ಕೆ ಮೊದಲ ಸಲ ಗಂಡ, ಹೆಂಡತಿ, ಮಗಳು ಮೂವರೂ ಸಮುದ್ರದ ದಂಡೆಗೆ ಹೋಗುವುದೆಂದು ತೀರ್ಮಾನವಾದಾಗ ಅವಳು ಕೇಳಿದ್ದು ಒಂದೇ ಒಂದು.

“ನಾಲ್ಕು ದಿನ ನಾನು ಸೌಟು ಮುಟ್ಟೋದಿಲ್ಲ. ಸಮುದ್ರ ತೋರಿಸದೇ ಇದ್ರೂ ಪರವಾಗಿಲ್ಲ. ಯಾರಾದ್ರೂ ಬಡಿಸ್ಬೇಕು, ನಾನು ಕೂತು ತಿನ್ಬೇಕು.”

ಮಗಳು ಫೋನಿನಲ್ಲಿ ಎರಡು ಜಾಗ ಹುಡುಕಿದಳು. ಒಂದು ಗೆಸ್ಟ್‌ಹೌಸ್, ಮೂರು ಹೊತ್ತು ಊಟತಿಂಡಿ ಅವರದೇ. ಇನ್ನೊಂದು ಅದರ ಎದುರಿಗೇ ಇರುವ ಬಾಡಿಗೆ ಮನೆ. ಅಡುಗೆ ನಾವೇ ಮಾಡಿಕೊಳ್ಳಬೇಕು. ಇದರಲ್ಲಿ ಆರಿಸುವುದಕ್ಕೇನಿತ್ತು? ಆದರೆ ಗೆಸ್ಟ್‌ಹೌಸ್ ಅಂದ ಕೂಡಲೇ ಮೂಗಣ್ಣ ಮುಖ ಕಿವುಚಿದ.

“ಥೂ! ಗೆಸ್ಟ್‌ಹೌಸ್ ಹಾಸಿಗೆ ಮೇಲೆ ನಾನು ಸತ್ರೂ ಬೆನ್ನು ಹಾಕಲ್ಲ.”

“ಯಾಕಪ್ಪಾ? ಫೋಟೋದಲ್ಲಿ ಎಷ್ಟು ಬೆಳ್ಳಗಿದೆ ನೋಡು,” ಅಂದಳು ಮಗಳು.

“ಫೋಟೋಗೆ ವಾಸನೆ ಇರತ್ತಾ?”

“ನಮ್ಮ ಚಾದರ ತಗೊಂಡು ಹೋದ್ರಾಯ್ತಪ್ಪ.”

“ಅವರು ಹಾಸಿದ್ದನ್ನ ಕಿತ್ತು ನಮ್ದು ಹಾಸಿದ್ರೆ ನೋಡಿದೋರು ಏನಂತಾರೆ? ಮನೇಲಾದ್ರೆ ನಮ್ಮ ಚಾದರ ಹಾಸ್ಕೊಂಡ್ರೂ ಕೇಳೋರಿಲ್ಲ, ಮನೇನೇ ಸರಿ. ಮನೆ ಅಂದ್ರೆ ಮನೆ.”

ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ತನ್ನ ಕೈಯಡುಗೆ ಬಿಟ್ಟರೆ ಇವರಿಗೆ ಬೇರೆಯದು ಗಂಟಲಲ್ಲಿ ಇಳಿಯುವುದಿಲ್ಲವೇನೋ ಎಂದು ಹೆಂಡತಿ ಒಂದಿಷ್ಟು ಹೆಮ್ಮೆಯನ್ನೂ ಪಟ್ಟುಕೊಂಡು ಸುಮ್ಮನಾದಳು, ಪಾಪ.

ನಿಜವಾದ ಕಾರಣವನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಲಾಂಡ್ರಿಗೆ ಗೆಸ್ಟ್‌ಹೌಸುಗಳಿಂದ ಬರುವ ಗಂಟುಗಳಲ್ಲಿ ಎರಡು ಬಗೆ. ಬಿಳಿ ದಾರದ ಗಂಟು ಒಗೆಯುವುದಕ್ಕೆ. ಹಳದಿ ದಾರದ್ದು ನೇರವಾಗಿ ಅವನ ಮೇಜಿಗೆ: ಕಲೆ ಕಾಣದ ಹಾಸುಬಟ್ಟೆಗಳು, ನೀರು ಚಿಮುಕಿಸು, ಇಸ್ತ್ರಿ ಎಳೆ, ಮಡಿಸಿ ವಾಪಸ್ಸು ಕಳಿಸು. ಬಿಸಿ ತಾಗಿದ್ದೇ ತಡ, ಯಾರದೋ ಬೆವರು, ಯಾರದೋ ತಲೆಯೆಣ್ಣೆ, ಯಾರದೋ ಮಂಡಿಯ ಮುಲಾಮು ಎಲ್ಲವೂ ಹಬೆಯ ಜೊತೆ ಎದ್ದು ಅವನ ಮುಖಕ್ಕೇ ಹೊಡೆಯುತ್ತಿದ್ದವು. ಆದರೂ ಮಡಿಕೆಯ ಗೆರೆ ಒಂದು ನೂಲೂ ಆಚೀಚೆ ಆಗದಂತೆ ಕೂರಿಸುತ್ತಿದ್ದ. ಯಜಮಾನರ ಮುಂದೆ ಒಂದು ದಿನವೂ ಉಸಿರೆತ್ತಿದವನಲ್ಲ.

ಸರಿ, ಬಾಡಿಗೆ ಮನೆಗೆ ಬಂದಿಳಿದರು. ಅಯ್ಯೋ, ಅದನ್ನು ಅಡುಗೆಮನೆ ಎಂದು ಬರೆದವರ ಕೈಗೆ ಬರೆ ಹಾಕಬೇಕು! ಒಲೆಯ ಮೇಲೆ ಬೆರಳಿಟ್ಟರೆ ಅಂಟಿಕೊಳ್ಳುವಷ್ಟು ಜಿಡ್ಡು. ಪಾತ್ರೆ ಉಜ್ಜುವ ಸ್ಪಂಜು ಕೊಳೆತು ಗಬ್ಬು ನಾರುತ್ತಿತ್ತು. ಚಮಚದ ಡ್ರಾಯರ್ ಎಳೆದರೆ ಒಳಗೆ ಜಿರಳೆಗಳ ತುಂಬು ಸಂಸಾರ. ಹಿಂದಿನವರು ಫ್ರಿಜ್ಜಿನಲ್ಲಿ ಬಿಟ್ಟುಹೋಗಿದ್ದ ಡಬ್ಬಿಯ ಮುಚ್ಚಳ ತೆಗೆದ ಮಗಳು ವಾಕರಿಸುತ್ತ ಹೊರಗೋಡಿದಳು. ಮೂಗಣ್ಣ ಬಾಗಿಲಲ್ಲೇ ನಿಂತು, ಮೂಗು ಮುಚ್ಚಿಕೊಂಡು, “ಛೀ, ಛೀ, ಎಂಥ ಜನಾನೋ” ಅಂದ. ಕೈ ಹಾಕಿದವಳು ಹೆಂಡತಿ. ಮೊದಲನೆಯ ದಿನ ಪೂರ್ತಿ ಉಜ್ಜಿದಳು. ಎರಡನೆಯ ದಿನ ಮೂರು ಹೊತ್ತು ಬೇಯಿಸಿದಳು. ಸಮುದ್ರ ಕಾಣುವ ಮನೆ ಎಂದಿದ್ದರಲ್ಲ, ಸುಳ್ಳೇನಲ್ಲ. ಸಿಂಕಿನ ಮುಂದೆ ನಿಂತರೆ ಕಾಣುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನದ ಊಟದಲ್ಲಿ ಅವನು “ಉಪ್ಪು ಒಂಚೂರು ಕಮ್ಮಿ” ಅಂದ.

ಅವಳು ಬಡಿಸುವುದನ್ನು ನಿಲ್ಲಿಸಿದಳು. “ನಿಜ ಹೇಳಿ. ಎದುರಿನ ಗೆಸ್ಟ್‌ಹೌಸಲ್ಲಿ ಅಂಥ ಹೇಸಿಗೆ ಏನಿದೆ?”

“ನಿಂಗೆ ಅರ್ಥ ಆಗಲ್ಲ ಬಿಡು.”

“ಅರ್ಥ ಆಗೋ ಹಾಗೆ ಹೇಳಿ.”

ಬಾಯಿ ಜಾರಿತು. “ಈ ಗೆಸ್ಟ್‌ಹೌಸಿನೋರೆಲ್ಲ ಹೀಗೇನೇ, ಒಗೆಸಲ್ಲ ಕಣೇ! ಯಾರೋ ಮಲಗೆದ್ದ ಹಾಸುಬಟ್ಟೆ, ಹಾಗೇ ಇಸ್ತ್ರಿ ಹಾಕಿಸಿ ಮತ್ತೆ ಹಾಸ್ತಾರೆ. ಈ ಕೈಯಲ್ಲೇ ಎಷ್ಟು ಸಾವಿರ ಹಾಕಿದೀನಿ!”

ಮಗಳ ತುತ್ತು ಅರ್ಧಕ್ಕೇ ನಿಂತಿತು. “ಅಪ್ಪಾ, ಅದರ ಮೇಲೆ ಜನ ಮಲಗಲ್ವಾ? ಪುಟ್ಟ ಮಕ್ಕಳು?”

“ಯಜಮಾನ್ರು ಹೇಳಿದ್ದು ಮಾಡೋದಪ್ಪ. ನನ್ನ ಕೈಲೇನಿದೆ?”

“ಇಸ್ತ್ರಿ ಇದೆ,” ಅಂದಳು ಹೆಂಡತಿ. “ಇಪ್ಪತ್ತು ವರ್ಷ ಊರವರಿಗೆಲ್ಲ ಆ ಗಲೀಜು ಹಾಸಿಕೊಟ್ಟು, ಮನೆಗೆ ಬಂದು ನಾನು ಒಗೆದ ಕವರ್ ಮೂಸ್ತೀರಲ್ಲ! ಥೂ, ನಿಮ್ಮ ಮೂಗಿಗಿಷ್ಟು.”

ಜಗತ್ತಿನ ಸಕಲ ವಸ್ತುವನ್ನೂ ಕಂಡು ಅಸಹ್ಯಪಟ್ಟುಕೊಂಡವನಿಗೆ ಆ ಹೊತ್ತು ತಟ್ಟೆಯಲ್ಲಿದ್ದ ತನ್ನ ಕೈಯನ್ನೇ ನೋಡಿ ಹೇಸಿಗೆಯಾಯಿತು. ಊಟ ಬಿಟ್ಟು ಎದ್ದ.

ಅವಳು ಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬಿ ಮಗಳನ್ನು ಕರೆದಳು.

“ಎಲ್ಲಿಗೆ?”

“ಎದುರಿಗೆ.”

“ಹೇಳಿದ್ನಲ್ಲ, ಆ ಹಾಸಿಗೆ...”

“ಹೇಳಿದ್ರಿ, ಕೇಳಿಸ್ಕೊಂಡೆ. ಇನ್ನು ಒಂದು ದಿನ ಉಳಿದಿದೆ ನನಗೆ.”

ಮರುದಿನ ಬೆಳಗ್ಗೆ ಅವನು ರಸ್ತೆ ದಾಟಿ ಗೆಸ್ಟ್‌ಹೌಸಿನ ಊಟದ ಕೋಣೆಗೆ ಹೋದ. ಹೆಂಡತಿ ಮಗಳ ಜೊತೆ ಕಿಟಕಿಯ ಪಕ್ಕ ಕೂತಿದ್ದಳು. ಬಡಿಸುವವನೊಬ್ಬ ತಟ್ಟೆ ಇಟ್ಟು, ಇನ್ನೇನಾದರೂ ಬೇಕೇ ಎಂದು ಕೇಳಿ ಹೋದ. ಮೂಗಣ್ಣ ಕುರ್ಚಿ ಎಳೆದುಕೊಳ್ಳದೆ ನಿಂತೇ ಕೇಳಿದ.

“ನಿದ್ದೆ ಬಂತಾ?”

“ನೀವು ಹೇಳಿದ್ದು ಸುಳ್ಳಲ್ಲ, ಒಗೆದಿರಲಿಲ್ಲ, ದಿಂಬಲ್ಲಿ ಯಾರದೋ ತಲೆಯೆಣ್ಣೆ ವಾಸನೆ,” ಅಂದಳು ಅವಳು. “ಹೇಸಿಗೆ ಆಯ್ತು. ಆದ್ರೂ ಮಲಗಿದೆ. ಎಚ್ಚರ ಆದಾಗ ಯಾರೋ ಬಾಗಿಲು ತಟ್ಟಿ, ತಿಂಡಿ ಆಗಿದೆ ಬನ್ನಿ ಅಮ್ಮಾ ಅಂದ್ರು. ಹದಿನೇಳು ವರ್ಷದಲ್ಲಿ ನನ್ನನ್ನ ಯಾರೂ ತಿಂಡಿಗೆ ಕರೆದಿರಲಿಲ್ಲ ಕಣ್ರೀ.”